ಕಟ್ಟ ಸೋರುವುದು ಬದಿಯಲ್ಲಿ

ನಮ್ಮೂರು ವಿಟ್ಲದಿಂದ ಆಚೆ, ಕೇರಳದ ಗಡಿಗೆ ತಾಗಿಕೊಂಡಿದೆ. ಎರಡೂ ಬದಿ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ, ನಡುವೆ ಅಡಕೆ ತೋಟ, ತೋಟದ ನಡುವೆ ತೋಡು. ಘಟ್ಟದ ಮೇಲಿನವರಿಗೆ ಹೇಳುವುದಾದರೆ ತೋಡು ಅಂದರೆ ಹಳ್ಳ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕಡೆ ಇದು. ಬಯಲುಸೀಮೆಯ ನಂಟರ ಹತ್ತಿರ "ನಮ್ಮಲ್ಲಿ ನೀರಿಲ್ಲ" ಅಂದರೆ ನಗುತ್ತಾರೆ. ನಗಲಿ. ಮಳೆಯಲ್ಲಿ ಹೆಚ್ಚಿನದೆಲ್ಲ ಬರುವುದು ಜೂನಿನಿಂದ ಸೆಪ್ಟೆಂಬರ್ ತನಕ, ಬಿದ್ದದ್ದು ಗುಡ್ಡ ಇಳಿದು ತೋಡು ಸೇರಿ ಹೊಳೆ ಸೇರಿ ಕಡಲಿಗೆ ಹೋಗುವುದಕ್ಕೆ ಜಾಸ್ತಿ ಹೊತ್ತು ಬೇಡ. ಅಡಕೆಗೆ ನೀರು ಬೇಕಾಗುವುದು ಡಿಸೆಂಬರಿನಿಂದ ಮೇ ತನಕ.

2019ರ ಬೇಸಿಗೆ ನೆನಪಿರಬಹುದು. ನೇತ್ರಾವತಿ ಬತ್ತಿ, ಧರ್ಮಸ್ಥಳಕ್ಕೆ ಬರುವವರು ಪ್ರವಾಸವನ್ನು ಸ್ವಲ್ಪ ಮುಂದೆ ಹಾಕಿ ಎಂದು ಹೆಗ್ಗಡೆಯವರೇ ಕೇಳಿಕೊಂಡ ವರ್ಷ. ಮಂಗಳೂರಿನಲ್ಲಿ ನಲ್ಲಿ ನೀರಿಗೆ ಸರದಿ. ನಮ್ಮ ಬಾವಿ ಹದಿನಾಲ್ಕು ಕೋಲು. ಒಂದು ಕೋಲು ಅಂದರೆ ಎರಡು ಅಡಿ ಚಿಲ್ಲರೆ. ಆ ಏಪ್ರಿಲಿನಲ್ಲಿ ಪಂಪು ಇಪ್ಪತ್ತು ನಿಮಿಷ ಓಡಿದರೆ ಗಾಳಿ ಎಳೆಯುತ್ತಿತ್ತು. ನಾನೂ ಎಲ್ಲರ ಹಾಗೆ ಬೋರ್ ಲಾರಿ ಕರೆಸಿದೆ. 610 ಅಡಿ ಇಳಿಸಿದ ಮೇಲೆ ಬಂದದ್ದು ಬಿಳಿ ಧೂಳು, ಅಂಗಳದ ದಾಸವಾಳದ ಗಿಡಗಳೆಲ್ಲ ಹಿಟ್ಟು ಚೆಲ್ಲಿದ ಹಾಗೆ ಕಂಡವು. ಲಾರಿಯವರು ಪೈಪು ಬಿಚ್ಚಿಕೊಂಡು, ದುಡ್ಡು ಎಣಿಸಿಕೊಂಡು ಹೋದರು.

ಅವತ್ತು ಸಂಜೆ ಪಕ್ಕದ ಮನೆಯ ಅಜ್ಜ ಬಂದು ಧೂಳು ನೋಡಿ ಹೇಳಿದ್ದು ಒಂದೇ ಮಾತು. "ಮೊದಲು ನಮ್ಮ ತೋಡಿಗೆ ಏಳು ಕಟ್ಟ ಉಂಟಿತ್ತು ಮಾರಾಯ."

ಕಟ್ಟ ಎಂದರೆ ತೋಡಿಗೆ ಅಡ್ಡಲಾಗಿ ಪ್ರತಿ ವರ್ಷ ಹಾಕಿ ಮಳೆಗಾಲಕ್ಕೆ ಮೊದಲು ಬಿಡಿಸುವ ತಾತ್ಕಾಲಿಕ ಒಡ್ಡು. ಈಗಿನ ತೋಟವೆಲ್ಲ ಆಗ ಗದ್ದೆ. ಏಣೆಲು, ಅಂದರೆ ಮಳೆಗಾಲದ ಭತ್ತಕ್ಕೆ ಮಳೆ ಸಾಕು, ಆಮೇಲಿನ ಸುಗ್ಗಿ ಬೆಳೆಗೂ ಕೊಳಕೆ ಬೆಳೆಗೂ ನೀರು ನಿಲ್ಲಿಸಬೇಕು, ಅದಕ್ಕೆ ಕಟ್ಟ. ಗದ್ದೆ ಹೋಗಿ ತೋಟ ಬಂತು, ಪಂಪ್‌ಸೆಟ್ ಬಂತು, ಆಮೇಲೆ ಬೋರ್ ಬಂತು. ಪ್ರತಿಯೊಬ್ಬರಿಗೂ ಅವರವರ ನೀರು ಅಂತ ಆದ ಮೇಲೆ ಎರಡು ದಿನ ಕೆಸರಿನಲ್ಲಿ ನಿಲ್ಲುವವರು ಯಾರು? ಏಳು ಕಟ್ಟದಲ್ಲಿ ಕೊನೆಯದೂ ನಿಂತುಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ನೀರಿನ ಬಗ್ಗೆ ಬರೆಯುವ ಶ್ರೀ ಪಡ್ರೆಯವರು ಕಟ್ಟದ ಬಗ್ಗೆ ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದಾರೆ, ನಾನು ಓದಿ ಒಳ್ಳೆಯದಿದೆ ಅಂತ ಪುಟ ತಿರುವಿದವನು. ಗಡಿ ದಾಟಿ ಕಾಸರಗೋಡಿನ ಏತಡ್ಕಕ್ಕೆ ಹೋಗಿ ನೋಡಿದ್ದು ಆ ಬೋರ್ ಸೋತ ಮೇಲೆ. ಅಲ್ಲಿ ಕಟ್ಟದ ಪದ್ಧತಿ ಬಿಟ್ಟುಹೋಗಿಲ್ಲ, ಒಂದೇ ತೋಡಿನಲ್ಲಿ ಸಾಲಾಗಿ ಹಾಕುತ್ತಾರೆ. ಕೆಳಗಿನ ಕಟ್ಟದ ನೀರಿನ ಬಾಲ ಮೇಲಿನ ಕಟ್ಟದ ಬುಡಕ್ಕೆ ತಾಗಬೇಕು, ಅದು ಲೆಕ್ಕ. ಹಾಗಾದರೆ ತೋಡು ಉದ್ದಕ್ಕೂ ಕೆರೆ, ಆ ನೀರು ನೆಲಕ್ಕೆ ಇಳಿದು ಬದಿಯ ಬಾವಿಗಳಿಗೆ ಸೇರುತ್ತದೆ.

ಊರಿಗೆ ಬಂದು ಹೇಳಿದರೆ ಎಲ್ಲರೂ ಹೌದು ಅಂದರು. ಆ 'ಹೌದು' ಎಷ್ಟು ಮೋಸದ್ದು ಅಂತ ಆಮೇಲೆ ಗೊತ್ತಾಯಿತು. ತೋಡು ಯಾರದ್ದೂ ಅಲ್ಲ, ಸರಿ. ಆದರೆ ಅದರ ಎರಡು ದಂಡೆ ಇಬ್ಬರದ್ದು. ಅಜ್ಜ ತೋರಿಸಿದ ಹಳೆಯ ಜಾಗದಲ್ಲಿ ತಳಕ್ಕೆ ಬಂಡೆ ಇತ್ತು, ಅಗಲ 22 ಅಡಿ, ಕಟ್ಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಡದಂಡೆ ನಮ್ಮ ದೊಡ್ಡಪ್ಪನ ಮಗನದ್ದು, ಬಲದಂಡೆ ನಾವು ಕಾಕ ಅಂತ ಕರೆಯುವ ಆಚೆ ತೋಟದವರದ್ದು. ಕಾಕನ ತೋಟ ಅಲ್ಲಿ ತಗ್ಗು. ಕಟ್ಟ ಹಾಕಿದರೆ ಎರಡು ಸಾಲು ಅಡಕೆಯ ಬುಡ ಜೌಗಾಗುತ್ತದೆ ಅಂತ ಅವರ ಹೆದರಿಕೆ, ಅದು ಸುಳ್ಳೂ ಅಲ್ಲ. ಅವರ ಬಾವಿ ಗುಡ್ಡದ ಬುಡದಲ್ಲಿ, ಅದರ ನೀರು ಮೇ ತನಕ ಬತ್ತುವುದಿಲ್ಲ. ಅಂದರೆ ಲಾಭ ನಮಗೆ, ಜೌಗು ಅವರಿಗೆ. ಇಂಥ ಲೆಕ್ಕಕ್ಕೆ ಒಬ್ಬ ಮನುಷ್ಯ ಯಾಕೆ ಒಪ್ಪಬೇಕು ಹೇಳಿ?

ಮೂರು ಸಲ ಅವರ ಜಗಲಿಯಲ್ಲಿ ಕೂತು ಚಾ ಕುಡಿದೆ. ಮೂರನೇ ಸಲ ಅಜ್ಜನನ್ನು ಕರೆದುಕೊಂಡು ಹೋದೆ. ಕೊನೆಗೆ ಆದ ಮಾತು ಇಷ್ಟು. ಎತ್ತರ ಐದಡಿ ಬೇಡ, ನಾಲ್ಕೇ ಅಡಿ. ಅವರ ತಗ್ಗಿನ ಬದಿಗೆ ಒಂದು ಬಸಿಗಾಲುವೆ ನಾವೇ ತೋಡಿಕೊಡಬೇಕು. ಅವರು "ಬಿಡಿಸಿ" ಅಂದ ದಿನ ಬಿಡಿಸಬೇಕು, ಎದುರು ಮಾತಿಲ್ಲ. ಕಾಗದ ಪತ್ರ ಏನೂ ಮಾಡಲಿಲ್ಲ.

ಕೆಳಗಿನ ತೋಟದವರದ್ದು ಬೇರೆ ತಕರಾರು. ಮೇಲೆ ನೀರು ತಡೆದರೆ ನಮಗೆ ಎಂತ ಬರುತ್ತದೆ ಅಂತ. ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಪ್ರಯೋಜನವಿಲ್ಲ. ತೋಡಿನಲ್ಲಿ ಇನ್ನೂ ಚೆನ್ನಾಗಿ ಹರಿವು ಇರುವಾಗಲೇ, ಅಂದರೆ ಡಿಸೆಂಬರಿನಲ್ಲೇ ಕಟ್ಟಿಬಿಟ್ಟರೆ ಎರಡು ದಿನದಲ್ಲಿ ತುಂಬಿ ಮೇಲಿಂದ ಹರಿಯಲು ಶುರುವಾಗುತ್ತದೆ, ಆಮೇಲೆ ಕೆಳಗಿನವರಿಗೆ ಮೊದಲಿನಷ್ಟೇ ನೀರು. ಫೆಬ್ರವರಿಯಲ್ಲಿ ಕಟ್ಟಿದರೆ ಮಾತ್ರ ಜಗಳ ಖಂಡಿತ. ಬೇಗ ಕಟ್ಟಿ ಅಂತ ಹಳಬರು ಹೇಳುವುದರ ಅರ್ಧ ಕಾರಣ ಇದೇ ಇರಬೇಕು.

ಕೆಲಸ ಎರಡೇ ದಿನ. ಮಾತಿಗೆ ಎರಡು ತಿಂಗಳು ಹೋಗಿತ್ತು.

ಹಿಂದೆ ಕಲ್ಲಿನ ಎರಡು ಸಾಲು ಇಟ್ಟು ನಡುವೆ ಜೇಡಿ ಮಣ್ಣು ತುಳಿದು ತುಂಬುತ್ತಿದ್ದರು. ಅಷ್ಟು ಕೂಲಿ ಈಗ ಯಾರಿಂದಲೂ ಆಗದು. ನಾವು ಹಳೆ ಸಿಮೆಂಟು ಚೀಲ ಸೇರಿಸಿದೆವು, ಸುಮಾರು ಆರುನೂರು. ಚೀಲಕ್ಕೆ ತೋಡಿನದ್ದೇ ಮರಳು ಮಣ್ಣು, ಮುಕ್ಕಾಲು ಮಾತ್ರ. ಪೂರ್ತಿ ತುಂಬಿಸಿದರೆ ಗುಂಡಾಗಿ ಒಂದರ ಮೇಲೊಂದು ಕೂರುವುದಿಲ್ಲ, ಸಂದಿ ಬೀಳುತ್ತದೆ. ಬುಡಕ್ಕೆ ಅಗಲ, ಮೇಲೆ ಹೋದ ಹಾಗೆ ಕಿರಿದು. ನಡುವಿನಲ್ಲಿ ಎರಡು ಚೀಲದಷ್ಟು ತಗ್ಗು ಬಿಡಬೇಕು, ತುಂಬಿದ ನೀರು ಅಲ್ಲೇ ಹಾರಬೇಕು, ದಂಡೆ ಕಡೆ ಹೋಗಬಾರದು. ನೀರು ನಿಲ್ಲುವ ಬದಿಗೆ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಶೀಟು. ಅದರ ಕೆಳ ಅಂಚನ್ನು ತಳದಲ್ಲಿ ಒಂದು ಚಡಿ ತೆಗೆದು ಹೂಳಬೇಕು, ಬಂಡೆ ಇದ್ದ ಕಡೆ ಜೇಡಿ ಮಣ್ಣು ಮೆತ್ತಬೇಕು. ಹಾಕುವ ಮೊದಲು ತಳದ ಕಸ, ಎಲೆ, ಬೇರು ಎಲ್ಲ ಕೈಯಲ್ಲೇ ಗೋರಿ ತೆಗೆಯಬೇಕು, ಇದೊಂದು ಬೇಜಾರಿನ ಕೆಲಸ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ.

ಹದಿನಾಲ್ಕು ಜನ ಇದ್ದೆವು. ಬೆಳಿಗ್ಗೆ ಅವಲಕ್ಕಿ ಚಾ, ಮಧ್ಯಾಹ್ನ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಎರಡನೇ ದಿನ ಸಂಜೆ ಐದಕ್ಕೆ ನೀರು ಮೊಣಕಾಲಿಗೆ ಬಂತು. ಎಲ್ಲರೂ ಫೋಟೋ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ನೀರು ಮೊಣಕಾಲಿಗೇ ನಿಂತಿದೆ. ಏರಿಲ್ಲ. ಕಟ್ಟ ನೋಡಿದರೆ ಒಂದು ಹನಿ ಸೋರುವುದಿಲ್ಲ. ಹತ್ತು ಮಾರು ಕೆಳಗೆ ಎಡದಂಡೆಯ ಬುಡದಿಂದ ಮಾತ್ರ ಬುಳುಬುಳು ಅಂತ ನೀರು ಬರುತ್ತಿದೆ. ಅಜ್ಜ ಮನೆಗೆ ಹೋಗಿ ಒಂದು ಮುಷ್ಟಿ ತವುಡು ತಂದರು. ದಂಡೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ನೀರಿನ ಮೇಲೆ ಉದುರಿಸುತ್ತಾ ಬಂದರು. ತವುಡು ಸುಮ್ನೆ ತೇಲುತ್ತಾ ಇತ್ತು, ಒಂದು ಹಲಸಿನ ಮರದ ಬೇರಿನ ಹತ್ತಿರ ಬಂದಾಗ ನಿಧಾನ ತಿರುಗಲು ಶುರು ಮಾಡಿತು, ತಿರುಗಿ ತಿರುಗಿ ಬೇರಿನ ಅಡಿಗೆ ಒಳಗೆ ಹೋಯಿತು. ಕೈ ಹಾಕಿದರೆ ಏಡಿ ಮಾಟೆ, ಅಂದರೆ ಏಡಿಯ ಬಿಲ. ಮೊಣಕೈ ತನಕ ಕೈ ಹೋಗುತ್ತದೆ. ಬೈಹುಲ್ಲನ್ನು ಜೇಡಿಯಲ್ಲಿ ಕಲಸಿ ಉಂಡೆ ಮಾಡಿ ತುರುಕಿದೆವು, ಹನ್ನೊಂದು ಉಂಡೆ ಹಿಡಿಯಿತು. "ಕಟ್ಟ ನಡುವಲ್ಲಿ ಸೋರುವುದಿಲ್ಲ, ಬದಿಯಲ್ಲಿ ಸೋರುವುದು" ಅಂದರು ಅಜ್ಜ. ಅದಾದ ಮೇಲೆ ನಾವು ಕಟ್ಟಕ್ಕಿಂತ ದಂಡೆಗೆ ಜಾಸ್ತಿ ಹೊತ್ತು ಕೊಡುತ್ತೇವೆ, ಚೀಲವನ್ನು ದಂಡೆಯೊಳಗೆ ಎರಡಡಿ ಕೊರೆದು ಕೂರಿಸುತ್ತೇವೆ.

ಆ ವರ್ಷ ಒಂದೇ ಕಟ್ಟ. ಮಾರ್ಚಿನಲ್ಲಿ ಬಾವಿಗೆ ಗಂಟು ಹಾಕಿದ ಹಗ್ಗ ಇಳಿಸಿ ನೋಡಿದೆ, ಹಿಂದಿನ ಮಾರ್ಚಿಗಿಂತ ಎರಡು ಕೋಲು ಮೇಲೆ. ಮಳೆ ಆ ವರ್ಷ ಹೆಚ್ಚು ದಿನ ಎಳೆದಿತ್ತು, ಎಲ್ಲ ಕಟ್ಟದಿಂದಲೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಪಂಪು ಗಾಳಿ ಎಳೆಯಲಿಲ್ಲ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ ಹುಡುಗರು ಸಂಜೆಯಾದರೆ ಕಟ್ಟದಲ್ಲಿ ಈಜುತ್ತಿದ್ದರು. ಹಾರೆ ಹಿಡಿಯದವರು ಅವರು. ಆದರೆ ಮುಂದಿನ ಡಿಸೆಂಬರಿಗೆ ಕರೆಯದೆಯೇ ಬಂದು ಚೀಲ ಹೊತ್ತರು. ಆ ವರ್ಷ ಮೂರು ಕಟ್ಟ ಆಯಿತು.

ಇನ್ನು ನಾವು ಮಾಡಿದ ದೊಡ್ಡ ತಪ್ಪು. ಹಳಬರ ಲೆಕ್ಕದಲ್ಲಿ ಕಟ್ಟ ಬಿಡಿಸಲು ಪತ್ತನಾಜೆ ತನಕ ಸಮಯ ಉಂಟು, ಅಂದರೆ ಮೇ 24ರ ಸುಮಾರಿಗೆ. ಭೂತದ ಕೋಲ, ಯಕ್ಷಗಾನದ ಆಟ ಎಲ್ಲ ಮುಗಿಯುವ ದಿನ, ಅದರ ಮೇಲೆ ಮಳೆ. 2021ರಲ್ಲಿ ಕಾಕ ಮೇ ಮೊದಲ ವಾರದಲ್ಲೇ "ಬಿಡಿಸುವ ಅಲ್ವಾ?" ಅಂತ ಫೋನ್ ಮಾಡಿದರು. ಮರಕ್ಕೆ ಇನ್ನೊಂದು ಸುತ್ತು ನೀರು ಬಿಡಬೇಕಿತ್ತು, ಇನ್ನೊಂದು ವಾರ ಇರಲಿ ಅಂದೆ. ಎದುರು ಮಾತಿಲ್ಲ ಅಂತ ಒಪ್ಪಿದವನು ನಾನೇ. ಮೇ 14ಕ್ಕೆ ತೌಕ್ತೆ ಚಂಡಮಾರುತದ ಮಳೆ ಹಿಡಿಯಿತು. ರಾತ್ರಿ ಟಾರ್ಚ್ ಹಿಡಿದು ಹೋದಾಗ ನೀರು ಕಟ್ಟದ ಮೇಲೆ ಹೋಗುವುದು ಬಿಟ್ಟು ಬಲಕ್ಕೆ ತಿರುಗಿ ಕಾಕನ ದಂಡೆ ತಿನ್ನುತ್ತಿತ್ತು. ನಾಲ್ವರು ಸೇರಿ ನಡುವಿನ ಚೀಲ ಎಳೆದು ಹಾಕುವ ಹೊತ್ತಿಗೆ ಏಳು ಅಡಕೆ ಮರ ಬೇರು ಸಮೇತ ತೋಡಿಗೆ ಇಳಿದಿದ್ದವು. ಏಳೂ ಫಸಲಿನ ಮರ.

ಮರುದಿನ ಹೋಗಿ ಎಂತ ಹೇಳುವುದು ಅಂತ ತಿಳಿಯಲಿಲ್ಲ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಎಲ್ಲ ಮನೆಯವರೂ ಸೇರಿ ಮುರಕಲ್ಲಿನಲ್ಲಿ ಅವರ ದಂಡೆ ಕಟ್ಟಿಕೊಟ್ಟೆವು, ಕಟ್ಟಕ್ಕೆ ಆದ ಖರ್ಚಿನ ಮೂರು ಪಟ್ಟು ಅದಕ್ಕೇ ಹೋಯಿತು. ಆಗಿನಿಂದ ಪತ್ತನಾಜೆ ಲೆಕ್ಕ ಬಿಟ್ಟಿದ್ದೇವೆ. ಏಪ್ರಿಲ್ ಕೊನೆಗೆ ನಡುವಿನ ಎರಡಡಿ ಚೀಲ ತೆಗೆಯುವುದು, ದೊಡ್ಡ ಮಳೆಯ ಸುದ್ದಿ ಬಂದ ಕೂಡಲೇ ಶೀಟು ಎಳೆಯುವುದು. ಪೂರ್ತಿ ಬಿಡಿಸದಿದ್ದರೆ ಮೊದಲ ಮಳೆಗೆ ತೋಡು ಹತ್ತುವ ಉಬರ್ ಮೀನಿಗೂ ದಾರಿ ಇಲ್ಲ, ಅದಕ್ಕೆ ಬಲೆ ಹಾಕುವವರ ಬೈಗುಳ ಬೇರೆ ಕೇಳಬೇಕು. ಅದೇ 2021ರ ನವೆಂಬರಿನಲ್ಲಿ ಮಳೆ ಬಿಡಲೇ ಇಲ್ಲ, ಡಿಸೆಂಬರ್ ಕೊನೆ ತನಕ ಕಟ್ಟಲು ಆಗಲಿಲ್ಲ. ಈಗ ದಿನ ನೋಡಿ ಕಟ್ಟುವುದು ನಿಲ್ಲಿಸಿದ್ದೇವೆ, ತೋಡು ನೋಡಿ ಕಟ್ಟುತ್ತೇವೆ.

ತುಂಬಾ ಜನ ಕೇಳುತ್ತಾರೆ, ಪ್ರತಿ ವರ್ಷ ಈ ರಗಳೆ ಯಾಕೆ, ಸರಕಾರದಿಂದ ಒಂದು ಕಿಂಡಿ ಅಣೆಕಟ್ಟು ಮಾಡಿಸಿಕೊಳ್ಳಬಾರದಾ ಅಂತ. ಮಾಡಿಸಿಕೊಳ್ಳಬಹುದು. ನಮ್ಮಿಂದ ಸ್ವಲ್ಪ ದೂರದಲ್ಲಿ ಒಂದು ಇದೆ, ಗಟ್ಟಿಯಾಗಿಯೂ ಇದೆ. ನೀರು ನಿಲ್ಲಬೇಕಾದರೆ ಅದರ ಕಿಂಡಿಗೆ ಹಲಗೆ ಹಾಕಬೇಕು, ಹಾಕುವವರಿಲ್ಲ. ಒಂದು ವರ್ಷ ಹಲಗೆ ಹಾಕಲು ಜನ ಸಿಗಲಿಲ್ಲ, ಇನ್ನೊಂದು ವರ್ಷ ಹಾಕುವ ಹೊತ್ತಿಗೆ ಫೆಬ್ರವರಿ, ಈಗ ಅರ್ಧ ಹಲಗೆ ಗೆದ್ದಲು ತಿಂದಿದೆ. ಚೆನ್ನಾಗಿ ನಡೆಯುವ ಕಿಂಡಿ ಅಣೆಕಟ್ಟುಗಳೂ ಇವೆ, ಇಲ್ಲ ಅಂತಲ್ಲ. ಅಲ್ಲಿ ಹಲಗೆಗೆ ಯಾರು ಅಂತ ಮೊದಲೇ ಗೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ದುಡ್ಡಿನ ವಿಷಯ ಒಂದು ಹೇಳಬೇಕು. ಮರದ ಲೆಕ್ಕದಲ್ಲಿ ಹಾಕುವುದಾ, ಎಕರೆ ಲೆಕ್ಕದಲ್ಲಾ, ಪಂಪಿನ ಎಚ್‌ಪಿ ಲೆಕ್ಕದಲ್ಲಾ ಅಂತ ಒಂದು ಇಡೀ ಸಂಜೆ ಚರ್ಚೆಯಾಗಿತ್ತು. ಯಾವುದೂ ನಡೆಯಲಿಲ್ಲ. ಈಗ ಮನೆಗೆ ಒಬ್ಬ ಆಳು ಎರಡು ದಿನ, ಇಲ್ಲದಿದ್ದರೆ ಆ ಎರಡು ದಿನದ ಸಂಬಳ. ಶೀಟಿನ ದುಡ್ಡು ಸಮಪಾಲು. ಕಟ್ಟದಿಂದ ನಾಲ್ಕು ತೋಟ ಆಚೆ ಒಬ್ಬರಿದ್ದಾರೆ, ಅವರ ಬಾವಿಯೂ ಈಗ ಏಪ್ರಿಲ್ ದಾಟುತ್ತದೆ, ಈವರೆಗೆ ಒಂದು ಚೀಲ ಕೊಟ್ಟವರಲ್ಲ. ಮೊದಲ ಎರಡು ವರ್ಷ ನನಗೆ ಸಿಟ್ಟಿತ್ತು. ನೆಲದ ಅಡಿಯಲ್ಲಿ ಹೋಗುವ ನೀರಿಗೆ ಬೇಲಿ ಹಾಕಲಿಕ್ಕಾಗುತ್ತದಾ? ಕೇಳುವುದನ್ನು ಬಿಟ್ಟುಬಿಟ್ಟೆವು.

ಗುಡ್ಡದ ಕೆಲಸ ಇನ್ನೂ ಬಾಕಿ. ಮೇಲೆ ಒಂದು ಹಳೆಯ ಮದಕ ಇದೆ, ಎರಡು ಗುಡ್ಡದ ನಡುವಿನ ಓಟದ ನೀರಿಗೆ ಅಡ್ಡ ಕಟ್ಟಿದ್ದು, ಹೂಳು ತುಂಬಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಹಿಟಾಚಿ ತಂದು ಅರ್ಧ ಹೂಳು ತೆಗೆಸಿದ್ದೇವೆ. ಅದರ ಬುಡದ ಮನೆಯವರ ಸುರಂಗದಲ್ಲಿ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದರಲ್ಲಿ, ಮಾರ್ಚಿಗೆ ನಿಲ್ಲುತ್ತಿದ್ದ ನೀರು ಈ ಸಲ ಏಪ್ರಿಲ್ ಮಧ್ಯದ ವಿಷು ಕಳೆದರೂ ಸಣ್ಣಗೆ ಬರುತ್ತಿತ್ತು. ಉಳಿದ ಅರ್ಧಕ್ಕೆ ದುಡ್ಡಿಲ್ಲ.

ಈಗ ಐದು ಕಟ್ಟ. ಏಳಾಗಲು ಇನ್ನೆರಡು ಜಾಗ ಉಂಟು, ಎರಡರಲ್ಲೂ ಒಂದೊಂದು ದಂಡೆಯವರು ಒಪ್ಪಿಲ್ಲ. ಒಬ್ಬರ ಜಗಲಿಯಲ್ಲಿ ಎರಡು ಸಲ ಚಾ ಕುಡಿದು ಬಂದಿದ್ದೇನೆ. ಸಿಮೆಂಟು ಚೀಲ ಬಿಸಿಲಿಗೆ ಎರಡು ವರ್ಷದಲ್ಲಿ ನೂಲು ನೂಲಾಗಿ ತೋಡಿಗೆ ಸೇರುತ್ತದೆ, ಅದಕ್ಕೆ ಮೇಲಿಂದ ಅಡಕೆ ಸೋಗೆ ಮುಚ್ಚುತ್ತೇವೆ. ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಶೀಟುಗಳು ನಮ್ಮ ಅಟ್ಟದಲ್ಲಿವೆ. ಮೊನ್ನೆ ಬಿಡಿಸಿ ನೋಡಿದರೆ ಮೊದಲ ಕಟ್ಟದ್ದಕ್ಕೆ ಇಲಿ ಎರಡು ಕಡೆ ಕಚ್ಚಿದೆ. ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಕಲ್ಲು ಹೇರಿಟ್ಟಿದ್ದೇನೆ, ಕಾಕನಿಗೆ ಇನ್ನೂ ಹೇಳಿಲ್ಲ.