ತಗಡಿನ ಮನೆಯ ಹಿರಿಯರು: ಬೇಸಿಗೆ ಭೇಟಿಯಲ್ಲಿ ಏನು ನೋಡಬೇಕು

ರಾಯಚೂರು, ಬಳ್ಳಾರಿಯ ಕೊಳೆಗೇರಿಗಳಲ್ಲಿ ಒಂಟಿಯಾಗಿರುವ ಹಿರಿಯರನ್ನು ‘ಆರಾಮ ಅದೀರೇನ್ರಿ’ ಎಂದು ಕೇಳಿದರೆ ‘ಆರಾಮ’ ಎಂದೇ ಹೇಳುತ್ತಾರೆ. ಅದರ ಬದಲು, ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಬಣ್ಣ ಹೇಗಿತ್ತು ಎಂದು ಕೇಳಿ. ಕಡು ಹಳದಿ ಎಂದರೆ ನೀರು ಸಾಲುತ್ತಿಲ್ಲ.

ವಯಸ್ಸಾದಂತೆ ಬಾಯಾರಿಕೆ ಕಡಿಮೆಯಾಗುತ್ತದೆ. ಆದರೆ ಅಜ್ಜಿಯಂದಿರು ನೀರು ಕುಡಿಯದಿರಲು ಹೆಚ್ಚಾಗಿ ಕಾರಣ ಬೇರೆ: ಶೌಚಾಲಯ ದೂರ, ರಾತ್ರಿ ಕತ್ತಲು. ಅಲ್ಲಿಗೆ ಹೋಗುವ ದಾರಿಗೆ ಬೆಳಕು, ಜೊತೆಗೊಬ್ಬರು ಸಿಗದೆ ‘ನೀರು ಕುಡೀರಿ’ ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಕೊಡ ತುಂಬಿಸಿ ಹೊರಬೇಡಿ, ಅರ್ಧ ಸಾಕು ಎಂದೂ ಹೇಳಿ. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಎಷ್ಟು ನೀರು ಎಂಬುದನ್ನು ವೈದ್ಯರೇ ಹೇಳಬೇಕು.

ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ತಗಡಿನಡಿ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. 11ರಿಂದ 4ರವರೆಗೆ ಬೇವಿನ ನೆರಳಿಗೋ ಸಮುದಾಯ ಭವನಕ್ಕೋ ಕರೆದೊಯ್ಯಿರಿ. ಆಗದಿದ್ದರೆ ಕುತ್ತಿಗೆ, ಕೈಕಾಲಿಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. ಮೈ ಸುಡುತ್ತಾ ಮಾತು ತಡವರಿಸಿದರೆ ನೀರು ಸುರಿದು ತಂಪು ಮಾಡುತ್ತಲೇ 108ಕ್ಕೆ ಕರೆ ಮಾಡಿ.

ಗುಳಿಗೆಗಳನ್ನೆಲ್ಲ ಮಂಚದ ಮೇಲೆ ಸುರುವಿ ನೋಡಿ. ಒಂದೇ ಔಷಧಿ ಎರಡು ಹೆಸರಲ್ಲಿ, ಎರಡು ಆಸ್ಪತ್ರೆಯಿಂದ ಬಂದಿರಬಹುದು. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆಗೆ ಬೇಸಿಗೆಯ ಬೆವರು ಸೇರಿದರೆ ಎದ್ದ ಕೂಡಲೇ ತಲೆ ತಿರುಗಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುವುದು ಹೀಗೇ. ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ಕುಳಿತಾಗ ಒಮ್ಮೆ, ನಿಂತು 3 ನಿಮಿಷದೊಳಗೆ ಇನ್ನೊಮ್ಮೆ ಬಿಪಿ ಅಳೆಸಿ. ಮೇಲಿನ ಅಂಕಿ 20 ಇಳಿದರೆ ವೈದ್ಯರಿಗೆ ತೋರಿಸಿ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕುಳಿತು ಏಳಲಿ.

ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನು ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಅಪಾಯ. ನಡುಕ, ತಣ್ಣನೆ ಬೆವರು, ಗಲಿಬಿಲಿ ಕಂಡರೆ ಅರ್ಧ ಲೋಟ ನೀರಿಗೆ 3 ಚಮಚ ಸಕ್ಕರೆ ಕಲಸಿ ಕುಡಿಸಿ. 15 ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108 ಕರೆಯಿರಿ. ಹಲ್ಲಿಲ್ಲದವರಿಗೆ ಖಡಕ್ ರೊಟ್ಟಿ ಬೇಡ, ಜೋಳದ ನುಚ್ಚಿಗೆ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ.

ಊಟ ಬಿಡುವುದಕ್ಕೆ ಅನೇಕ ಸಲ ಪಗಾರ, ಅಂದರೆ ವೃದ್ಧಾಪ್ಯ ಪಿಂಚಣಿ, ನಿಂತಿದ್ದೇ ಕಾರಣ. ಮೊದಲು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಕೊನೆಯ ಜಮೆಯ ತಿಂಗಳು ನೋಡಿ. ಖಾತೆಗೆ ಆಧಾರ್ ಜೋಡಣೆ ತಪ್ಪಿದ್ದರೆ ಬ್ಯಾಂಕಿನಲ್ಲೇ ಸರಿಹೋಗುತ್ತದೆ. ಅಲ್ಲಿ ಎಲ್ಲ ಸರಿಯಿದ್ದರೆ ನಾಡಕಚೇರಿಗೆ ಹೋಗಿ. ಕೂಲಿ ಮಾಡಿ ಸವೆದ ಹೆಬ್ಬೆಟ್ಟು ಯಂತ್ರದಲ್ಲಿ ತಾಳೆಯಾಗದಿದ್ದರೆ ಕಣ್ಣಿನ ಸ್ಕ್ಯಾನ್ ಕೇಳಿ. ಕಚೇರಿಯಲ್ಲಿ ಸತಾಯಿಸಿದರೆ ಹಿರಿಯರ ಸಹಾಯವಾಣಿ 14567ಕ್ಕೆ ಸಿಬ್ಬಂದಿಯ ಮುಂದೆಯೇ ಫೋನ್ ಮಾಡಿ.