ಸಕ್ಯುಲೆಂಟ್‌ಗೆ ಮನೇಲೇ ಮಣ್ಣಿನ ಕುಂಡ ಮಾಡೋದು ಹೇಗೆ (ವೀಲ್ ಬೇಡ, ಟೈಮ್ ಬೇಕು)

ಪಾಟರಿ ಕಲೀಬೇಕು ಅನ್ನೋರು ಎಲ್ಲರೂ ಮೊದಲು ಕೇಳೋದು ವೀಲ್‌ಗೆ, ಅಂದ್ರೆ ಕುಂಬಾರರ ತಿಗರಿಗೆ, ಎಷ್ಟಾಗುತ್ತೆ ಅಂತಲೇ. ಸಕ್ಯುಲೆಂಟ್ (ದಪ್ಪ ಎಲೇಲಿ ನೀರು ತುಂಬಿಟ್ಟುಕೊಳ್ಳೋ ಗಿಡ) ಕುಂಡಕ್ಕೆ ವೀಲ್ ಬೇಕಾಗೇ ಇಲ್ಲ. ತಿಗರಿ ಮೇಲೆ ಮಣ್ಣು ನಡುಮಧ್ಯಕ್ಕೆ ನಿಲ್ಲಿಸೋದು ಕಲಿಯೋಕೇ ಬಹಳ ದಿನ ಹಿಡಿಯುತ್ತೆ, ಆದ್ರೆ ಎಚೆವೇರಿಯಾ, ಹಾವರ್ಥಿಯಾ, ಸೀಡಮ್ ಥರದ ಸಕ್ಯುಲೆಂಟ್‌ಗಳ ಬೇರು ಆಳಕ್ಕೆ ಹೋಗಲ್ಲ, ಮೂರ್ನಾಲ್ಕು ಇಂಚಿನ ಕುಂಡ ಸಾಕು, ಅದನ್ನ ಅಡುಗೆಮನೆ ಕಟ್ಟೆ ಮೇಲೆ ಕೂತು ಬರೀ ಕೈಯಲ್ಲೇ ಮಾಡಬಹುದು. ಈ ಗಿಡಗಳು ಸಾಯೋದು ಹೆಚ್ಚಾಗಿ ನೀರು ಜಾಸ್ತಿಯಾಗಿ ಬೇರು ಕೊಳೆತು. ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಇಲ್ಲದ ಸುಟ್ಟ ಮಣ್ಣಿನ ಕುಂಡ ಗೋಡೆಯಿಂದಲೂ ನೀರನ್ನ ಹೊರಗೆ ಬಿಡುತ್ತೆ, ಮಣ್ಣು ಬೇಗ ಆರುತ್ತೆ. ಅದಕ್ಕೇ ಪ್ಲಾಸ್ಟಿಕ್‌ಗಿಂತ, ಹೊಳೆಯೋ ಸೆರಾಮಿಕ್‌ಗಿಂತ ಇದೇ ಒಳ್ಳೇದು ಅಂತ ನಾನು ಹೇಳೋದು.

ಮೊದಲು ಮಣ್ಣು. ಸ್ಟೇಷನರಿ ಅಂಗಡೀಲಿ ಸಿಗೋ ಏರ್ ಡ್ರೈ ಕ್ಲೇ ತರಬೇಡಿ, ಅದು ಸುಡದೇ ಒಣಗೋ ಮಣ್ಣು, ಗಿಡಕ್ಕೆ ನೀರು ಹಾಕ್ತಾ ಹಾಕ್ತಾ ಮೆತ್ತಗಾಗಿ ಬಿರುಕು ಬಿಡುತ್ತೆ. ಬೇಕಾಗಿರೋದು ನಿಜವಾದ ಜೇಡಿಮಣ್ಣು. ಬೆಂಗಳೂರಲ್ಲಿರೋರು ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋಗಿ ಅಲ್ಲಿನ ಕುಂಬಾರರ ಹತ್ರ ಹದ ಮಾಡಿದ ಮಣ್ಣು ಕೊಡ್ತೀರಾ ಅಂತ ಕೇಳಿ. ಬೆಳಗಾವಿ ಕಡೆಯೋರಿಗೆ ಖಾನಾಪುರ ಇದೆ, ಕುಂಬಾರಿಕೆಗೆ ಹೆಸರಾದ ಊರು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರೋದೂ ಅಲ್ಲೇ. ಬೇರೆ ಊರಲ್ಲಿ ಹತ್ತಿರದ ಕುಂಬಾರರನ್ನ ವಿಚಾರಿಸಿ, ಎರಡು ಮೂರು ಕೆಜಿ ಸಿಕ್ಕಿದ್ರೆ ಕಲಿಯೋಕೆ ಧಾರಾಳ ಆಯ್ತು.

ಮಣ್ಣು ಚೆನ್ನಾಗಿದ್ಯಾ ಅಂತ ನೋಡೋಕೆ ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಡದಿದ್ರೆ ಸರಿ. ತೀರಾ ಅಂಟಂಟಾಗಿದ್ರೆ ಒಡೆದ ಹಳೇ ಮಡಕೆ ಚೂರನ್ನ ಕುಟ್ಟಿ, ಸೋಸಿ, ಆ ಪುಡೀನ ಹತ್ತರಲ್ಲಿ ಒಂದು ಪಾಲು ಬೆರೆಸಿ, ಒಣಗುವಾಗ ಕುಗ್ಗೋದು ಕಡಿಮೆಯಾಗುತ್ತೆ, ಸೀಳೋದೂ ಕಡಿಮೆ. ಕುಟ್ಟುವಾಗ ಮಾಸ್ಕ್ ಹಾಕ್ಕೊಳ್ಳಿ. ಆಮೇಲೆ ಚಪಾತಿ ಹಿಟ್ಟು ನಾದೋ ಹಾಗೆ ಚೆನ್ನಾಗಿ ನಾದಿ, ಮಧ್ಯದಲ್ಲಿ ಕತ್ತರಿಸಿ ನೋಡಿದ್ರೆ ಒಳಗೆ ಗಾಳಿ ತೂತು ಕಾಣಬಾರದು.

ಕಿತ್ತಳೆ ಹಣ್ಣಿನ ಗಾತ್ರದ ಉಂಡೆ ಮಾಡಿ ಎಡಗೈಲಿ ಹಿಡಿದು ಬಲಗೈ ಹೆಬ್ಬೆರಳನ್ನ ಮಧ್ಯಕ್ಕೆ ಒತ್ತಿ, ತಳದಲ್ಲಿ ಒಂದು ಸೆಂಟಿಮೀಟರ್ ಹತ್ರ ಉಳೀಬೇಕು. ಆಮೇಲೆ ಉಂಡೇನ ತಿರುಗಿಸ್ತಾ ತಿರುಗಿಸ್ತಾ ಕೆಳಗಿಂದ ಮೇಲಕ್ಕೆ ಚಿವುಟ್ತಾ ಬನ್ನಿ. ಗೋಡೆ ಆರರಿಂದ ಎಂಟು ಮಿಲಿಮೀಟರ್ ಇರಲಿ, ಮುಖ್ಯವಾಗಿ ಎಲ್ಲಾ ಕಡೆ ಒಂದೇ ದಪ್ಪ ಇರಲಿ. ಬಾಯಿ ಹತ್ರ ಸೀಳ್ತಾ ಇದ್ರೆ ಬೆರಳು ಒದ್ದೆ ಮಾಡಿ ಸವರಿ ಅಷ್ಟೇ, ನೀರು ಸುರೀಬೇಡಿ. ಎತ್ತರ ಬೇಕಂದ್ರೆ ಮಣ್ಣನ್ನ ಹಗ್ಗದ ಹಾಗೆ ಹೊಸೆದು ಸುತ್ತಿಟ್ಟು ಏರಿಸಬಹುದು, ಆದ್ರೆ ಕೂಡಿಸೋ ಎರಡೂ ಕಡೆ ಫೋರ್ಕ್‌ನಿಂದ ಗೀರಿ, ಮಣ್ಣು ಕಲಸಿದ ಗಟ್ಟಿ ನೀರು ಹಚ್ಚಿ ಒತ್ತಲೇಬೇಕು, ಇಲ್ಲಾಂದ್ರೆ ಒಣಗುವಾಗ ಬಿಟ್ಟುಕೊಳ್ಳುತ್ತೆ. ಸೈಜ್ ಲೆಕ್ಕ ಹಾಕುವಾಗ ಇನ್ನೊಂದು ವಿಷ್ಯ, ಒಣಗಿ ಸುಟ್ಟ ಮೇಲೆ ಮಣ್ಣು ನೂರಕ್ಕೆ ಸುಮಾರು ಎಂಟರಿಂದ ಹತ್ತರಷ್ಟು ಕುಗ್ಗುತ್ತೆ, ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದೇ ಮಾಡಿ.

ಈಗ ಒಣಗಿಸೋದು, ಇಲ್ಲೇ ಇರೋದು ನಿಜವಾದ ಪಾಟರಿ. ಕುಂಬಾರನಿಗೆ ವರ್ಷ ದೊಣ್ಣೆಗೆ ನಿಮಿಷ ಅಂತಾರಲ್ಲ, ಹಸಿ ಕುಂಡಕ್ಕೆ ದೊಣ್ಣೆಯೂ ಬೇಡ, ಫ್ಯಾನ್ ಗಾಳಿ ಸಾಕು. ಬಾಯಿ ಅಂಚು ಬೇಗ ಒಣಗಿ ಕುಗ್ಗುತ್ತೆ, ತಳ ಇನ್ನೂ ಹಸಿಯಾಗೇ ಇರುತ್ತೆ, ಆ ಎಳೆದಾಟದಲ್ಲೇ ಬಿರುಕು ಬರೋದು. ಅದಕ್ಕೆ ಮೊದಲ ದಿನ ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ, ಕೆಳಗೆ ನ್ಯೂಸ್‌ಪೇಪರ್ ಇರಲಿ, ತಳ ಅಂಟಿಕೊಳ್ಳಲ್ಲ. ಉಗುರು ಒತ್ತಿದ್ರೆ ಗುರುತು ಬೀಳಬೇಕು ಆದ್ರೆ ಕುಂಡ ಬಾಗಬಾರದು, ಆ ಹದಕ್ಕೆ ಬಂದಾಗ ತಳದಲ್ಲಿ ತೂತು ಕೊರೀರಿ, ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ದೊಡ್ಡದೇ ಇರಲಿ. ತುಂಬಾ ಹಸಿ ಇದ್ದಾಗ ಕೊರೆದ್ರೆ ತಳ ಜಗ್ಗುತ್ತೆ, ಪೂರ್ತಿ ಒಣಗಿದ ಮೇಲೆ ಕೊರೆದ್ರೆ ಒಡೆಯುತ್ತೆ. ಕೆಳಗೆ ಮೂರು ಪುಟ್ಟ ಕಾಲು ಅಂಟಿಸೋದೂ ಆಗಲೇ, ನೀರು ತಳದಲ್ಲಿ ನಿಲ್ಲಲ್ಲ. ಆಮೇಲೆ ಬೋರಲು ಹಾಕಿ, ಕವರ್ ದಿನಾ ಸ್ವಲ್ಪ ಸ್ವಲ್ಪ ತೆಗೀತಾ ಒಂದು ವಾರ ಬಿಡಿ, ಮಳೆಗಾಲದಲ್ಲಿ ಎರಡು ವಾರವೂ ಬೇಕಾಗಬಹುದು. ಕುಂಡದ ತಳಾನ ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆ ಅನ್ಸಿದ್ರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಆ ನೀರು ಬೆಂಕೀಲಿ ಹಬೆಯಾಗಿ ಹೊರಗೆ ಬರೋಕೆ ದಾರಿ ಸಿಗದೇ ಕುಂಡಾನೇ ಸಿಡಿಸುತ್ತೆ, ಪಕ್ಕದಲ್ಲಿರೋ ಬೇರೆಯವರ ಕುಂಡಾನೂ ಒಡೆಯುತ್ತೆ.

ಸುಡೋದು ಮನೇಲಿ ಆಗಲ್ಲ. ಮನೆ ಓವನ್ 250 ಡಿಗ್ರಿಗೆ ನಿಲ್ಲುತ್ತೆ, ಮಣ್ಣು ಮತ್ತೆ ನೀರಲ್ಲಿ ಕರಗದ ಹಾಗಾಗೋಕೆ ಹತ್ತಿರ ಹತ್ತಿರ 600 ಡಿಗ್ರಿ ದಾಟಬೇಕು, ಟೆರಾಕೋಟಾ ಗಟ್ಟಿಯಾಗೋಕೆ 900ರಿಂದ 1000 ಡಿಗ್ರಿ ಬೇಕು. ಮಣ್ಣು ಕೊಟ್ಟ ಕುಂಬಾರರನ್ನೇ ಕೇಳಿ, ಮುಂದಿನ ಆವಿಗೆ (ಮಡಕೆ ಸುಡೋ ಭಟ್ಟಿ) ಹಚ್ಚುವಾಗ ನಮ್ಮದೂ ನಾಲ್ಕು ಇಡ್ತೀರಾ ಅಂತ, ಅವರು ಹೇಳಿದ ದುಡ್ಡು ಕೊಡಿ, ಚೌಕಾಸಿ ಮಾಡಬೇಡಿ, ಆವಿಗೆ ಜೋಡಿಸೋದು ದೊಡ್ಡ ವಿದ್ಯೆ. ಸ್ಟುಡಿಯೋದಲ್ಲಿ ಸುಡಿಸೋದಾದ್ರೆ ನಿಮ್ಮದು ಯಾವ ಮಣ್ಣು ಅಂತ ಮೊದಲೇ ಹೇಳಿ. ಸ್ಟೋನ್‌ವೇರ್ ಅನ್ನೋ ಬೇರೆ ಥರದ ಮಣ್ಣು ಸುಡೋ 1200 ಡಿಗ್ರಿ ಮೇಲಿನ ಕಿಲ್ನ್‌ಗೆ (ಭಟ್ಟಿಗೆ) ಕೆಂಪು ಮಣ್ಣಿನ ಕುಂಡ ಹೋದ್ರೆ ಕರಗಿ ಅವರ ಶೆಲ್ಫ್‌ಗೇ ಅಂಟಿಕೊಳ್ಳಬಹುದು.

ಕ್ಲೀನಿಂಗ್ ವಿಷ್ಯಾನೂ ಹೇಳಿಬಿಡ್ತೀನಿ. ಮಣ್ಣಿನ ನೀರು ಸಿಂಕ್‌ಗೆ ಚೆಲ್ಲಬೇಡಿ, ಪೈಪ್ ಕಟ್ಟುತ್ತೆ, ಬಕೆಟ್‌ನಲ್ಲಿ ತಿಳಿಯಾಗೋಕೆ ಬಿಟ್ಟು ಮೇಲಿನ ನೀರು ಗಿಡಕ್ಕೆ ಹಾಕಿ. ಒಣಗಿದ ಧೂಳನ್ನ ಪೊರಕೇಲಿ ಗುಡಿಸ್ಬೇಡಿ, ಅದರಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಬಟ್ಟೇಲೇ ಒರೆಸಿ. ಸುಡದೇ ಇರೋ ಒಡೆದ ಕುಂಡ ಎಸೀಬೇಡಿ, ಪೂರ್ತಿ ಒಣಗಿಸಿ ನೀರಲ್ಲಿ ಹಾಕಿದ್ರೆ ತಾನೇ ಕರಗಿ ಮತ್ತೆ ಮಣ್ಣಾಗುತ್ತೆ.

ಸುಟ್ಟು ಬಂದ ಕುಂಡಾನ ತಟ್ಟಿ ನೋಡಿ, ಟಣ್ ಅಂದ್ರೆ ಚೆನ್ನಾಗಿ ಬೆಂದಿದೆ, ದಬ್ ಅಂದ್ರೆ ಎಲ್ಲೋ ಬಿರುಕಿದೆ ಇಲ್ಲಾ ಸರಿಯಾಗಿ ಬೆಂದಿಲ್ಲ. ತೂತಿನ ಮೇಲೆ ಸೊಳ್ಳೆ ಪರದೆ ತುಂಡು ಇಟ್ಟು, ಅರ್ಧ ಕೆಂಪು ಮಣ್ಣು, ಇನ್ನರ್ಧ ದಪ್ಪ ಮರಳೋ ಇಟ್ಟಿಗೆ ಚೂರೋ ಪರ್ಲೈಟೋ (ಹಗುರವಾದ ಬಿಳಿ ಕಾಳು) ಬೆರೆಸಿ ತುಂಬಿ ಗಿಡ ನೆಡಿ. ನೆಟ್ಟ ತಕ್ಷಣ ನೀರು ಹಾಕಬೇಡಿ, ಕಿತ್ತ ಬೇರಿನ ಗಾಯ ಒಣಗೋಕೆ ನಾಲ್ಕೈದು ದಿನ ಬಿಡಿ. ಬೋರ್‌ವೆಲ್ ನೀರು ಹಾಕ್ತಾ ಇದ್ರೆ ಕೆಲವು ತಿಂಗಳಾದ ಮೇಲೆ ಕುಂಡದ ಹೊರಗೆ ಬಿಳಿ ಪುಡಿ ಕೂರುತ್ತೆ, ಅದು ನೀರಲ್ಲಿರೋ ಉಪ್ಪು, ಒಣ ಬ್ರಷ್‌ನಲ್ಲಿ ಉಜ್ಜಿದ್ರೆ ಬಹುಪಾಲು ಹೋಗುತ್ತೆ.