ಅನಾತೋತಿನ ಕ್ರಯಪತ್ರ

ಪ್ರತಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವಾಗ ನಮ್ಮ ಸಭೆಯಲ್ಲಿ ಬೈಬಲಿನ ಒಂದೊಂದು ವಚನ ಬರೆದ ವಾಗ್ದಾನದ ಚೀಟಿ ಎತ್ತುತ್ತೇವೆ. ಒಂದು ವರ್ಷ ನನ್ನ ಕೈಗೆ ಯೆರೆಮೀಯ 29:11 ಬಂತು. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ ಎನ್ನುವ ವಚನ. ಆಗ ಅಮ್ಮ ಹಾಸಿಗೆ ಹಿಡಿದಿದ್ದರು. ಗುಣವಾಗುತ್ತಾರೆಂದು ದೇವರೇ ಬರೆದುಕೊಟ್ಟಿದ್ದಾನೆ ಎಂದು ನಂಬಿ ಆ ಚೀಟಿಯನ್ನು ಅವರ ದಿಂಬಿನಡಿ ಇಟ್ಟೆ. ಮಾರ್ಚ್ ತಿಂಗಳಲ್ಲಿ ಅಮ್ಮ ತೀರಿಕೊಂಡರು. ಆಮೇಲೆ ಎಷ್ಟೋ ದಿನ ಸತ್ಯವೇದ ತೆರೆಯಲು ಮನಸ್ಸೇ ಬರಲಿಲ್ಲ.

ಮತ್ತೆ ತೆರೆದಾಗ ಆ ಅಧ್ಯಾಯವನ್ನು ಮೊದಲ ವಚನದಿಂದ ಓದಿದೆ. ಅದೊಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಯೆರೂಸಲೇಮಿನಿಂದ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಬಿಡುಗಡೆಗೆ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಎರಡೇ ವರ್ಷ ಸಾಕು ಎಂದು ಹಿಂದಿನ ಅಧ್ಯಾಯದಲ್ಲಿ ಸಾರಿದವನು ಹನನ್ಯ, ಸುಳ್ಳು ಪ್ರವಾದಿ. ಯೆರೆಮೀಯನ ವಚನ ಹಿಡಿದುಕೊಂಡು ನಾನು ಕೇಳಿದ್ದು ಹನನ್ಯನ ಗಡುವನ್ನು. ಕನ್ನಡದ ‘ನಿಮ್ಮ’ ಎಂಬುದನ್ನು ನನಗೊಬ್ಬನಿಗೆ ಹೇಳಿದ ಮರ್ಯಾದೆಯ ಮಾತೆಂದು ಓದಿದ್ದೆ. ಹೀಬ್ರೂ ಮೂಲದಲ್ಲಿ ಅದು ಬಹುವಚನ, ಸೆರೆಯಲ್ಲಿದ್ದ ಜನರೆಲ್ಲರಿಗೂ ಹೇಳಿದ್ದು.

ಆಸ್ತಿಯ ಪತ್ರ ಬರೆದುಕೊಡುವುದು ನನ್ನ ಕಸುಬು. ಯಾವ ದಸ್ತಾವೇಜು ಕೈಗೆ ಬಂದರೂ ಯಾರು ಯಾರಿಗೆ ಬರೆದುಕೊಟ್ಟರು, ಯಾವ ತಾರೀಕು, ಕರಾರು ಏನು ಎಂದು ಮೊದಲು ನೋಡುತ್ತೇನೆ. ಪ್ರವಾದನೆಯನ್ನೂ ಹಾಗೆಯೇ ಓದತೊಡಗಿದೆ. ಹೇಳಿದ್ದು ಎಲ್ಲಿ ನೆರವೇರಿತೆಂದು ಹುಡುಕಿ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ.

32ನೆಯ ಅಧ್ಯಾಯಕ್ಕೆ ಬಂದಾಗ ಮೈ ಜುಮ್ಮೆಂದಿತು. ಅಲ್ಲಿರುವುದು ಒಂದು ಕ್ರಯಪತ್ರ! ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಯೆರೆಮೀಯ ಕಾವಲಿನಲ್ಲಿ ಬಂಧಿಯಾಗಿದ್ದಾನೆ. ಚಿಕ್ಕಪ್ಪನ ಮಗ ಹನಮೇಲ ಬಂದು ಅವರ ಊರಾದ ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಕೈಸೇರುವ ನೆಲವನ್ನು ನನ್ನ ಕಕ್ಷಿದಾರರು ಯಾರೂ ಮುಟ್ಟುವುದಿಲ್ಲ. ಯೆರೆಮೀಯನು ಹದಿನೇಳು ಶೆಕೆಲ್, ಅಂದರೆ ಸುಮಾರು 200 ಗ್ರಾಂ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಪತ್ರಕ್ಕೆ ಸಾಕ್ಷಿಗಳ ರುಜು ಬೀಳುತ್ತದೆ. ಮುದ್ರೆ ಹಾಕಿದ್ದೊಂದು, ತೆರೆದದ್ದೊಂದು, ಎರಡನ್ನೂ ಬಹುಕಾಲ ಉಳಿಯಲೆಂದು ತನ್ನ ಬರಹಗಾರ ಬಾರೂಕನ ಕೈಯಿಂದ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯ ಮತ್ತೆ ನಡೆಯುವುದು ಎಂಬುದು ದೇವರ ಮಾತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಪ್ರಾರ್ಥನೆ. ಪಟ್ಟಣವೇ ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಳ್ಳೆಂದೆಯಲ್ಲಾ ಎಂದು ಯೆರೆಮೀಯ ಕಳವಳಪಡುತ್ತಾನೆ, ಅದೂ ಹಣ ತೂಗಿ ಕೊಟ್ಟ ಮೇಲೆ. ಕಳವಳವಿದ್ದರೂ ನಂಬಿಕೆ ನಂಬಿಕೆಯೇ ಎಂದು ನನಗೆ ಅಂದು ಧೈರ್ಯ ಬಂತು. ಅಂದು ರಾತ್ರಿ, ಅಮ್ಮ ಹೋದ ಮೇಲೆ ಮೊದಲ ಬಾರಿ, ಬಾಯಿ ಬಿಟ್ಟು ಪ್ರಾರ್ಥಿಸಿದೆ.

ಯೆರೆಮೀಯ ಆ ಹೊಲವನ್ನು ಉತ್ತನೆಂದು ಎಲ್ಲೂ ಬರೆದಿಲ್ಲ. ಅವನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದೊಯ್ದರು. ಕ್ರಿ.ಪೂ. 539ರಲ್ಲಿ ಪರ್ಷಿಯದ ಅರಸ ಕೋರೆಷನು ಬಾಬೆಲನ್ನು ಗೆದ್ದ ಬಳಿಕ ಸೆರೆಯವರು ಊರಿಗೆ ಮರಳಿದರು. ಅವರ ಪಟ್ಟಿ ಸತ್ಯವೇದದ ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ, ಬರೀ ಹೆಸರು ಮತ್ತು ಲೆಕ್ಕ. ಬೇಸರದಿಂದ ದಾಟಿಹೋಗುತ್ತಿದ್ದ ಪುಟ ಅದು. 23ನೆಯ ವಚನದಲ್ಲಿ ಬೆರಳು ನಿಂತಿತು: ಅನಾತೋತಿನವರು, 128 ಮಂದಿ.

ಅಮ್ಮನ ದಿಂಬಿನಡಿಯಿದ್ದ ಚೀಟಿ ಈಗ ಆ ಪುಟದಲ್ಲಿದೆ.